ಅಕ್ಕನ ಮುಖಕ್ಕೆ ನನ್ನ ಕಣ್ಣು

ಅಕ್ಕ ತೀರಿಹೋದ ಮೇಲೆ ನಮ್ಮ ಭಾವನಿಗೆ ಫೋಟೋ ಹುಚ್ಚು ಹಿಡಿಯಿತು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಲಿಫ್ಟ್ ಓಡಾಡುವ ಕತ್ತಲ ಗುಂಡಿಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೇತಾಡುವುದೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಕ್ಯಾಮೆರಾ ಮುಂದೆ ಒಬ್ಬರನ್ನು ಕೂರಿಸಿ "ಸ್ವಲ್ಪ ಗಲ್ಲ ಇಳಿಸಿ" ಎನ್ನುವಷ್ಟರಲ್ಲಿ ಬೆವತು ಹೋಗುತ್ತಿದ್ದರು.

ಹುಚ್ಚಿಗೆ ಕಾರಣವಿತ್ತು. ಗೋಡೆಗೆ ಹಾಕೋಣವೆಂದರೆ ಅಕ್ಕನ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಅಕ್ಕನಿಗೆ ಮೆಳ್ಳೆಗಣ್ಣು. ಯಾವಾಗಲೂ ಅಲ್ಲ, ದಣಿದಾಗ, ಸಿಟ್ಟು ಬಂದಾಗ, ತುಂಬ ಹೊತ್ತು ಒಂದೇ ಕಡೆ ನೋಡಿದಾಗ ಒಂದು ಕಣ್ಣು ಮೆಲ್ಲಗೆ ಪಕ್ಕಕ್ಕೆ ಜಾರಿಬಿಡುತ್ತಿತ್ತು. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅವಳು ಕಣ್ಣು ಮುಚ್ಚುತ್ತಿದ್ದಳು, ಇಲ್ಲವೇ ತಲೆ ತಗ್ಗಿಸುತ್ತಿದ್ದಳು. ಮದುವೆಯ ಆಲ್ಬಂ ಪೂರ್ತಿ ತಲೆ ತಗ್ಗಿಸಿದ್ದಾಳೆ. ನೆಂಟರು ಅದನ್ನು ನಾಚಿಕೆ ಎಂದುಕೊಂಡು ಹೊಗಳಿದ್ದೇ ಹೊಗಳಿದ್ದು. ಫೋನುಗಳಲ್ಲಿ ಸಿಕ್ಕಿಬಿದ್ದದ್ದನ್ನೆಲ್ಲ ತಾನೇ ಕೂತು ಅಳಿಸಿದ್ದಳು. ಗುರುತಿನ ಚೀಟಿಯಲ್ಲಿರುವುದು ಯಾರ ಗುರುತಿಗೂ ಸಿಗದ ಒಂದು ಮಸಿ. ಉಳಿದದ್ದು ಒಂದೇ: ಅವಳು ಕೆಲಸ ಮಾಡುತ್ತಿದ್ದ ಲಾಂಡ್ರಿಯ ಬಾಗಿಲಲ್ಲಿ ನಗುತ್ತ ನಿಂತದ್ದು. ಬೆಳಕು ಚೆನ್ನಾಗಿದೆ, ನಗು ಚೆನ್ನಾಗಿದೆ. ಕಣ್ಣು ಮುಚ್ಚಿದೆ.

"ಇದಕ್ಕೆ ನಾನು ಕಣ್ಣು ತೆರೆಸ್ತೀನಿ" ಎಂದು ಭಾವ ಹಟ ಹಿಡಿದು, ಒಂದು ಸ್ಟುಡಿಯೋದವರು ನಡೆಸುತ್ತಿದ್ದ ಸಂಜೆ ತರಗತಿಗೆ ಸೇರಿದರು. ಆ ಸ್ಟುಡಿಯೋದವರಿಗೇ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಿರಲಿಲ್ಲವೇ ಎಂದು ನಾನು ಕೇಳಿದೆ.

"ಅವಳ ಮುಖದ ಮೇಲೆ ಬೇರೆಯವರು ಕೈಯಾಡಿಸೋದು ಬೇಡ" ಅಂದರು.

ಅವರ ಕಲಿಕೆಗೆ ಬಲಿಯಾದವರು ಒಂದೇ ಮನೆಯಲ್ಲಿದ್ದ ನಾನು ಮತ್ತು ಅಮ್ಮ. ನಾನು ಔಷಧಿ ಅಂಗಡಿಯ ಕೆಲಸದಲ್ಲಿ ದಿನವಿಡೀ ನಿಂತು ಕಾಲು ಸೋತು ಮನೆಗೆ ಬಂದರೆ, ಹಜಾರದ ಕಿಟಕಿಗೆ ಬಿಳಿ ಹೊದಿಕೆ ಕಟ್ಟಿ ಭಾವ ಕಾದಿರುತ್ತಿದ್ದರು. ಗಲ್ಲದ ಕೆಳಗೆ ಥರ್ಮಕೋಲ್ ಹಲಗೆ ಹಿಡಿದು ಕೂರಬೇಕು, ನೆರಳು ಬೀಳಬಾರದಂತೆ. ಅಮ್ಮನ ಮೊದಲ ಫೋಟೋದಲ್ಲಿ ಕನ್ನಡಕದ ಎರಡು ಗಾಜಿನಲ್ಲೂ ಫ್ಲಾಶ್ ಹೊಳೆದು, ಅಮ್ಮ ಎದುರಿನಿಂದ ಬರುವ ಲಾರಿಯಂತೆ ಕಾಣುತ್ತಿದ್ದಳು. ಎರಡನೆಯದರಲ್ಲಿ ಅವಳ ಕಿವಿ ಸ್ಪಷ್ಟವಾಗಿತ್ತು, ಮುಖ ಮಸುಕು. ಆಮೇಲೆ ಕಂಪ್ಯೂಟರಿನಲ್ಲಿ ಚರ್ಮ ನಯ ಮಾಡುವುದನ್ನು ಕಲಿತರು ನೋಡಿ, ಅಮ್ಮನ ಮುಖ ಸುಲಿದ ಮೊಟ್ಟೆಯಾಯಿತು.

"ಇದ್ಯಾರಪ್ಪ? ಪಟ್ಟ ಕಷ್ಟವನ್ನೆಲ್ಲ ಒರೆಸಿ ಹಾಕಿದ್ರಲ್ಲ" ಅಂದಳು ಅಮ್ಮ.

ಸ್ಟುಡಿಯೋದವರೂ ನಕ್ಕರಂತೆ. "ಮೊಡವೆ ತೆಗೀರಿ, ಮನುಷ್ಯರನ್ನ ತೆಗೀಬೇಡಿ" ಅಂದರಂತೆ. ಭಾವ ಮುಖ ಊದಿಸಿಕೊಂಡು ಬಂದರು. ಆದರೆ ಬಿಡುವ ಗಿರಾಕಿಯಲ್ಲ. ಮುಂದಿನ ಸಲ ಅಮ್ಮನ ಸುಕ್ಕುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು.

ಕೈ ಪಳಗಿದೆ ಅನಿಸಿದ ಮೇಲೆ ಒಂದು ದಿನ ನನ್ನ ಹತ್ತಿರ ಬಂದು, ಸಾಲ ಕೇಳುವವರ ಹಾಗೆ ಬಾಗಿಲಲ್ಲೇ ನಿಂತರು. "ನಿನ್ನ ಕಣ್ಣು ಬೇಕಿತ್ತು" ಅಂದರು.

ನನ್ನದೂ ಅಕ್ಕನದೂ ಕಣ್ಣು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಬಣ್ಣ, ರೆಪ್ಪೆ, ಹುಬ್ಬು ಬಾಗುವ ರೀತಿ, ಎಲ್ಲ ಒಂದೇ. ಆ ಜಾರುವುದೊಂದು ಮಾತ್ರ ಅವಳ ಪಾಲಿಗೆ ಬಂದದ್ದು. ನಾನು ಒಪ್ಪಿದೆ. ಲಾಂಡ್ರಿಯ ಬಾಗಿಲಲ್ಲಿ ಬೆಳಕು ಬಿದ್ದಿದ್ದ ಕಡೆಯಿಂದಲೇ ನನಗೂ ಬೀಳುವಂತೆ ಕೂರಿಸಿದರು. ಕುತ್ತಿಗೆ ಅಷ್ಟೇ ಓರೆ.

"ನಗು."

"ಏನಿದೆ ಭಾವ, ನಗೋಕೆ?"

ಅವರು ಸ್ವಲ್ಪ ಯೋಚಿಸಿದರು. "ನಿಮ್ಮಕ್ಕ ಮೊದಲ ಸಲ ನನ್ನ ಜೊತೆ ಲಿಫ್ಟ್ ಹತ್ತಿದಾಗ ಏನಂದ್ಲು ಗೊತ್ತಾ? ನೀವು ರಿಪೇರಿ ಮಾಡಿದ್ದಾದ್ರೆ ನಾನು ಮೆಟ್ಟಿಲಲ್ಲೇ ಬರ್ತೀನಿ ಅಂದ್ಲು."

ಅಕ್ಕನ ದನಿಯಲ್ಲೇ ಹೇಳಿದರು. ನಾನು ನಕ್ಕೆ. ನಗುತ್ತಿದ್ದಂತೆಯೇ ಅಳು ಬಂತು. ಅವರಿಗೆ ಬೇಕಾದ ಫೋಟೋ ಆ ಎರಡರ ನಡುವೆ ಎಲ್ಲೋ ಸಿಕ್ಕಿತು.

ಆಮೇಲೆ ಎಷ್ಟೋ ಸಂಜೆ ಕೂತು ನನ್ನ ಕಣ್ಣುಗಳನ್ನು ಕತ್ತರಿಸಿ ಅಕ್ಕನ ಮುಖಕ್ಕೆ ಕೂರಿಸಿದರು. ಅಂಚು ಮೃದು ಮಾಡಿದರು, ಚರ್ಮದ ಬಣ್ಣ ಹೊಂದಿಸಿದರು. ಒಂದು ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದು ಕಂಪ್ಯೂಟರ್ ಎದುರು ಕೂರಿಸಿದರು.

ಅಕ್ಕ ಕಣ್ಣು ಬಿಟ್ಟು ನಗುತ್ತಿದ್ದಳು. ಅಮ್ಮ ಪರದೆಯ ಮೇಲೆ ಕೈಯಾಡಿಸಿ, "ಎಷ್ಟು ಲಕ್ಷಣವಾಗಿದ್ದಾಳೆ ನನ್ನ ಮಗಳು" ಅಂದಳು. ನಿಜವಾಗಿಯೂ ಲಕ್ಷಣವಾಗಿದ್ದಳು. ಹದಿಹರೆಯದಲ್ಲಿ ಕನ್ನಡಿ ಮುಂದೆ ನಿಂತು, ಕಣ್ಣಂಚನ್ನು ಬೆರಳಿನಿಂದ ಒತ್ತಿ ಒತ್ತಿ ಅವಳು ಬೇಡಿಕೊಂಡ ಮುಖ ಅದೇ.

ಆದರೆ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. "ಇದು ಅಕ್ಕ ಅಲ್ಲ ಭಾವ. ಅಕ್ಕನ ಹಾಗೆ ಮುಖ ಮಾಡ್ಕೊಂಡಿರೋ ನಾನು. ಅವಳ ಕಣ್ಣೆಲ್ಲಿ?"

"ಸುಮ್ಮನಿರೇ" ಅಂದಳು ಅಮ್ಮ. "ಬದುಕಿರೋವಾಗ ಇಲ್ಲದ್ದು, ಈಗಲಾದ್ರೂ ಇರ್ಲಿ."

ಭಾವ ಮಾತ್ರ ತಲೆಯಾಡಿಸಿದರು. "ಇವಳು ಹೇಳೋದು ಸರಿ. ನನಗೂ ಏನೋ ತಪ್ಪಿದೆ ಅನಿಸ್ತಾನೇ ಇತ್ತು. ಒಂದು ಕಣ್ಣುಗುಡ್ಡೆನ ಸ್ವಲ್ಪ ಸರಿಸಿದ್ರೆ ಆಯ್ತು, ಏನೂ ದೊಡ್ಡ ಕೆಲಸ ಅಲ್ಲ." ಮೌಸ್ ಹಿಡಿದರು. ಬಾಣದ ಗುರುತು ಅಕ್ಕನ ಮೂಗಿನ ಮೇಲೆ ಬಂದು ನಿಂತಿತು. "ಯಾವ ಕಣ್ಣು?" ಅಂದರು.

"ಎಡಗಣ್ಣು" ಅಂದೆ.

"ನಮ್ಮ ಎಡಾನಾ, ಅವಳ ಎಡಾನಾ?"

"ಅವಳದ್ದು."

"ಬಲಗಣ್ಣು ಕಣೇ" ಅಂದಳು ಅಮ್ಮ. "ಹೆತ್ತವಳಿಗೆ ಗೊತ್ತಿಲ್ವಾ?"

ಭಾವ ಎಡದ್ದನ್ನು ಸರಿಸಿದರು. ನನಗೆ ಅದು ಅಕ್ಕನೇ ಅನಿಸಿತು. ಅದನ್ನು ವಾಪಸು ತಂದು ಬಲದ್ದನ್ನು ಸರಿಸಿದರು. ಅದೂ ಅಕ್ಕನೇ ಅನಿಸಿತು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರು. ಈಗ ಅಮ್ಮ "ಹೂಂ, ಇದೇ" ಅಂದಳು, ಮರುಕ್ಷಣ "ಅಲ್ಲ, ತಡಿ" ಅಂದಳು. ಮಡಿಲಲ್ಲಿ ಮಲಗಿಸಿಕೊಂಡು ಹಾಲು ಕುಡಿಸುವಾಗ ಯಾವ ಕಣ್ಣು ತನ್ನ ಕಡೆಗಿರುತ್ತಿತ್ತು ಎಂದು ಗಾಳಿಯಲ್ಲೇ ಇಲ್ಲದ ಮಗುವನ್ನು ಎತ್ತಿ ನೋಡಿದಳು. ಕೈಗಳು ಹಾಗೇ ನಿಂತುಬಿಟ್ಟವು.

ನಾನು ಕಣ್ಣು ಮುಚ್ಚಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡೆ. ಬೈತಲೆ ಕಂಡಿತು. ಕಿವಿಯ ಹಿಂದಿನ ಮಚ್ಚೆ ಕಂಡಿತು. ಸೋಪಿನ ನೀರಿಗೆ ಸುಲಿದ ಬೆರಳುಗಳು ಕಂಡವು. ಕಣ್ಣಿನ ಹತ್ತಿರ ಬಂದ ಕೂಡಲೇ ನನ್ನ ನೋಟ ತಾನಾಗಿ ಪಕ್ಕಕ್ಕೆ ಹೋಯಿತು, ನೆನಪಿನಲ್ಲೂ.

ಏಕೆಂದರೆ ನಾನು ನೋಡಿಯೇ ಇರಲಿಲ್ಲ. ನಾವು ಚಿಕ್ಕವರಿದ್ದಾಗಿನಿಂದ ಅಮ್ಮನ ಕಟ್ಟಪ್ಪಣೆ: ಅವಳ ಕಣ್ಣು ಜಾರಿದಾಗ ಯಾರೂ ನೋಡಬಾರದು, ಪಾಪ, ಬೇಜಾರು ಮಾಡಿಕೊಳ್ಳುತ್ತಾಳೆ. ಹಾಗಾಗಿ ಅವಳು ದಣಿದು ಬಂದು ಊಟಕ್ಕೆ ಕೂತರೆ ನಾವೆಲ್ಲ ತಟ್ಟೆ ನೋಡುತ್ತಿದ್ದೆವು. ಅವಳು ಸಿಟ್ಟಿನಲ್ಲಿ ಮಾತಾಡಿದರೆ ಗಡಿಯಾರ ನೋಡುತ್ತಿದ್ದೆವು. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆವು. ಅಕ್ಕನ ಮೇಲೆ ನಮಗೆ ಅಷ್ಟು ಪ್ರೀತಿ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ಭಾವ, ನೀವು ಹೇಳಿ" ಅಂದೆ. "ಇಷ್ಟು ವರ್ಷ ಸಂಸಾರ ಮಾಡಿದ್ದೀರಿ."

ಅವರು ಮೌಸಿನಿಂದ ಕೈ ತೆಗೆದರು. "ಮದುವೆಯಾದ ಹೊಸದರಲ್ಲಿ ಒಂದ್ಸಲ ಕೇಳ್ಕೊಂಡಿದ್ಲು. ಕಣ್ಣು ಜಾರಿದಾಗ ನನ್ನ ನೋಡ್ಬೇಡಿ, ಆಮೇಲೆ ನೋಡಿ ಅಂತ. ಆಯ್ತು ಅಂದೆ." ಆಮೇಲೆ, "ಮಾತು ತಪ್ಪಲಿಲ್ಲ" ಅಂದರು.

ನನಗೆ ಆಸ್ಪತ್ರೆ ನೆನಪಾಯಿತು. ಆ ಕೊನೆಯ ವಾರಗಳಲ್ಲಿ ಅಕ್ಕ ದಣಿಯದೇ ಇದ್ದ ಹೊತ್ತೇ ಇರಲಿಲ್ಲ. ಕಣ್ಣು ಜಾರಿದ್ದು ಜಾರಿದಂತೆಯೇ ಇತ್ತು. ನಾವು ಮೂವರೂ ಸರದಿಯ ಮೇಲೆ ಅವಳ ಪಕ್ಕ ಕೂತು, ಕೈ ಹಿಡಿದುಕೊಂಡು, ಡ್ರಿಪ್ ಬಾಟಲಿಯನ್ನು ನೋಡಿದೆವು. ಅದರಲ್ಲಿ ಹನಿ ಹೇಗೆ ಬೀಳುತ್ತಿತ್ತು, ಅದರ ಮೇಲಿನ ಚೀಟಿ ಯಾವ ಬಣ್ಣದ್ದು ಎಂದು ಈಗ ಕೇಳಿದರೂ ಹೇಳಬಲ್ಲೆ. ಅದು ನೆನಪಾದಾಗ ಆದಷ್ಟು ದುಃಖ ನನಗೆ ಜೀವಮಾನದಲ್ಲಿ ಆಗಿರಲಿಲ್ಲ, ಅವಳು ಸತ್ತ ದಿನವೂ ಆಗಿರಲಿಲ್ಲ.

ಭಾವ ಪರದೆಯ ಕಡೆಗೇ ಮುಖ ಮಾಡಿಕೊಂಡು ಮೆಲ್ಲಗೆ ಕೇಳಿದರು:

"ಹಾಗಾದ್ರೆ ಆಸ್ಪತ್ರೇಲಿ ಅವಳು ಕಣ್ಣು ಬಿಟ್ಟಾಗೆಲ್ಲ, ಅವಳಿಗೆ ಏನು ಕಾಣ್ತಿತ್ತು?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಕಾಣುತ್ತಿದ್ದದ್ದು ಬೇರೆ ಕಡೆ ತಿರುಗಿದ ನಮ್ಮ ಮುಖಗಳು ಎಂದು ಭಾವನಿಗೂ ಗೊತ್ತಿತ್ತು.