ಪುಟ್ಟಿಯ ಒಂದೇ ಮಾತು

ಒಂದೂವರೆ ವರ್ಷವಾದರೂ ಪುಟ್ಟಿಯ ಬಾಯಿಂದ ಹೊರಡುತ್ತಿದ್ದದ್ದು ಒಂದೇ ಮಾತು: "ಬಾ." ಅಷ್ಟಕ್ಕೇ ಅಜ್ಜಿ ಓಣಿಯೆಲ್ಲ ಡಂಗುರ ಸಾರಿದ್ದಳು. ಹೊಲಿಗೆ ಕೆಲಸದ ಅಜ್ಜಿ, ಬಟ್ಟೆ ಕೊಡಲು ಬಂದವರ ಅಳತೆ ತೆಗೆಯುತ್ತಲೇ ಹೇಳುವಳು, "ನನ್ನನ್ನ ಬಾ ಅಂತ ಕರೀತಾಳೆ ನೋಡಿ. ನಮ್ಮ ಮಾತೇ ಹತ್ತಿದೆ ಕೂಸಿಗೆ."

ಕೆಳಗಿನ ಮನೆಯ ಚಪ್ಪಲಿ ಹೊಲಿಯುವವನು ಎಲ್ಲಿಂದಲೋ ಬಂದವನು. "ನಮ್ಮ ಕಡೆ ಬಾ ಅಂದ್ರೆ ಮೂರು, ಅಜ್ಜಿ. ಮಗು ಎಣಿಕೆ ಕಲೀತಿದೆ. ಒಂದು, ಎರಡು ಮಾತ್ರ ನುಂಗಿಬಿಟ್ಟಿದೆ!" ಎಂದು ನಕ್ಕ. ಅಜ್ಜಿಯೂ ನಕ್ಕಳು. ಮೂರರಿಂದ ಅವಳಿಗೇನು ನಷ್ಟ?

ನಷ್ಟವಿದ್ದದ್ದು ಅಳಿಯನಿಂದ. ವೆಲ್ಡಿಂಗ್ ಮಾಡುವ ಅವನ ಮನೆಮಾತಿನಲ್ಲಿ ಬಾ ಅಂದರೆ ಅಪ್ಪ. ಒಂದೇ ಕೋಣೆಯ ಮನೆಗೆ ಇಬ್ಬರು ತಮ್ಮಂದಿರನ್ನು ತಂದು ಸೇರಿಸಿದನೆಂದು ಜಗಳವಾಡಿ ಮಗಳು ತವರಿಗೆ ಬಂದು, ಬೇಕರಿಯಲ್ಲಿ ಕೆಲಸ ಹಿಡಿದಿದ್ದಳು. ಅವನು ಭಾನುವಾರ ಮಗುವನ್ನು ನೋಡಿಹೋಗುತ್ತಿದ್ದ. ಒಮ್ಮೆ ಬಾಗಿಲಲ್ಲಿ ಅವನನ್ನು ಕಂಡು ಪುಟ್ಟಿ "ಬಾ" ಅಂದಳು. ಕಿಡಿ ಹಾರಿ ಕಲೆಯಾದ ಕೈಯಿಂದ ಅವನು ಕಣ್ಣೊರೆಸಿಕೊಂಡ.

"ಅಪ್ಪ ಅಂದ್ಲು! ಕೇಳಿಸ್ತಾ ಅತ್ತೆ?"

"ಬಾ ಅಂದ್ಲಪ್ಪ. ಅಷ್ಟೇ."

ಕಿಟಕಿಯ ಬಳಿ ನಿಂತಿದ್ದ ಮಗಳ ಮುಖ ಮೆತ್ತಗಾದದ್ದು ಅಜ್ಜಿಗೆ ಕಂಡಿತು. ಇವತ್ತು ಮಗು ಕರೆಯಿತು, ನಾಳೆ ಇವಳೂ ಗಂಟುಮೂಟೆ ಕಟ್ಟುತ್ತಾಳೆ.

ಅಂದಿನಿಂದ ಅಜ್ಜಿ ಹಟಕ್ಕೆ ಬಿದ್ದಳು. ಪುಟ್ಟಿ "ಬಾ" ಅಂದರೆ ಸಾಕು, ಹೊಲಿಗೆ ಯಂತ್ರ ಬಿಟ್ಟು ಓಡುವಳು. "ಬಂದೆ ಕಂದ, ಬಂದೆ!" ಕೈಬೀಸಿ ಕರೆಯುವುದನ್ನೂ ಕಲಿಸಿದಳು: ಬೆಕ್ಕಿಗೆ ಬಾ, ಹಾಲಿನವನಿಗೆ ಬಾ. ಉರುಳುವ ಚೆಂಡಿಗೂ ಬಾ. ಎಳೆಯದು ತಾನೇ, ಬಗ್ಗಿಸಿದತ್ತ ಬಗ್ಗಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅಳಿಯ ಬಂದು ತೋಳು ಚಾಚಿದ. ಪುಟ್ಟಿ ಕೈಬೀಸಿ "ಬಾ" ಅಂದಳು. ಅವನು ಅರಳಿ ಹತ್ತಿರ ಬರುವಷ್ಟರಲ್ಲಿ ಹಾಲಿನವನಿಗೂ ಹಾಗೇ ಕೈಬೀಸಿದಳು, ಬೆಕ್ಕಿಗೂ. ಅವನು ಮಂಡಿಯೂರಿ ತನ್ನ ಎದೆ ತಟ್ಟಿಕೊಂಡ. "ಬಾ. ನಾನು... ಬಾ."

ಕರೆಯುತ್ತಿದ್ದಾನೆ ಅಂದುಕೊಂಡಿತು ಮಗು. "ಊಹೂಂ" ಎಂದು ತಲೆಯಾಡಿಸಿ, ಓಡಿಹೋಗಿ ಅಜ್ಜಿಯ ಕಾಲು ತಬ್ಬಿಕೊಂಡಿತು.

"ನಾನು ಹೇಳ್ಲಿಲ್ವಾ?" ಅಂದಳು ಅಜ್ಜಿ.

ಅಳಿಯ ತಂದಿದ್ದ ಬೊಂಬೆಯನ್ನು ಮೆಟ್ಟಿಲ ಮೇಲಿಟ್ಟು ಹೋದ. ಮುಂದಿನ ಭಾನುವಾರ ಬರಲಿಲ್ಲ. ಯಾವುದೋ ದೂರದ ಬಂದರಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಸೇರಿದನೆಂದು ಆಮೇಲೆ ಸುದ್ದಿ ಬಂತು.

ಸುದ್ದಿ ಕೇಳಿದ ಸಂಜೆ ಮಗಳು ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತದೆ ಅಂದಳು, "ನಾನು ಕುರುಡಿ ಅಂದ್ಕೊಂಡ್ಯಾ ಅಮ್ಮ? ದಿನಾ ಅದಕ್ಕೆ ಏನು ಪಾಠ ಮಾಡ್ತಿದ್ದೆ ಅಂತ ನೋಡ್ತಾನೇ ಇದ್ದೆ."

"ನಿನ್ನ ಒಳ್ಳೇದಕ್ಕೇ ಕಣೇ..."

"ತಮ್ಮಂದಿರಿಗೆ ಅವರು ಬೇರೆ ಮನೆ ಮಾಡಿಸಿದ್ರು. ಆ ಭಾನುವಾರ ಜೊತೇಲಿ ಹೊರಡೋಣ ಅಂತಿದ್ದೆ. ಹೆತ್ತ ಮಗಳೇ ಒಲ್ಲೆ ಅಂದ್ಲು ಅಂತ ನನ್ನ ಮುಖಾನೂ ನೋಡದೆ ಹೋದ್ರು."

"ಆಗಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೌದು. ಅದು ನನ್ನ ತಪ್ಪು."

ಅಜ್ಜಿಗೆ ಇದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಮರುವಾರ ಪುಟ್ಟಿಯನ್ನು ಬೇಕರಿಯ ಹಿಂದಿದ್ದ ಶಿಶುವಿಹಾರಕ್ಕೆ ಸೇರಿಸಿದ್ದಾಯಿತು. ಬೆಳಗ್ಗೆ ಕರೆದೊಯ್ದರೆ ಮಗಳು ಅವಳನ್ನು ತರುತ್ತಿದ್ದದ್ದು ಸಂಜೆಗೆ, ಹೆಗಲ ಮೇಲೆ ಮಲಗಿಸಿಕೊಂಡು. ಅಜ್ಜಿ ಎತ್ತಿಕೊಳ್ಳಲು ಎದ್ದರೆ, "ಬೇಡ, ಎಚ್ಚರ ಆಗುತ್ತೆ" ಎಂದು ಒಳಗೆ ಹೋಗಿಬಿಡುತ್ತಿದ್ದಳು.