ಹನ್ನೆರಡು ಜಡೆ

ಕೆನಡಾದ ವಿನಿಪೆಗ್‌ನ ಚಳಿಗಾಲದಲ್ಲಿ ಏಳು ವರ್ಷದ ಹುಡುಗಿಯನ್ನು ಶಾಲೆಗೆ ಹೊರಡಿಸುವುದೆಂದರೆ ಒಂದು ದಂಡನ್ನೇ ಹೊರಡಿಸಿದ ಹಾಗೆ. ಗಿರ್ಮಾಯ್ ಎರಿಟ್ರಿಯಾದ ಸೈನ್ಯದಲ್ಲಿ ಒಂಬತ್ತು ವರ್ಷ ಸವೆಸಿ ಬಂದವನು. ಅಲ್ಲಿಯೂ ಇಷ್ಟು ರಗಳೆ ಇರಲಿಲ್ಲ. ಎರಡು ಜೊತೆ ಕಾಲುಚೀಲ, ಉಣ್ಣೆಯ ಚಡ್ಡಿ, ಅದರ ಮೇಲೆ ಹಿಮದ ಪ್ಯಾಂಟು, ಬೂಟು, ಜಾಕೆಟ್ಟು, ಕೈಗವಸು. ಜಿಪ್ಪನ್ನು ಗಂಟಲವರೆಗೆ ಎಳೆದು ಅವನು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಮಗಳು ರಿಗ್ಬೆ, "ಅಪ್ಪಾ, ಉಚ್ಚೆ" ಎನ್ನುತ್ತಿದ್ದಳು. ದಿನಾ, ತಪ್ಪದೆ.

ಇವತ್ತೂ ಅಂದಳು. ಎಲ್ಲ ಬಿಚ್ಚಿ, ಮತ್ತೆ ಎಲ್ಲ ತೊಡಿಸಿದ್ದಾಯಿತು. ಬಸ್ಸಿಗೆ ಇನ್ನು ಆರು ನಿಮಿಷ. ಉಳಿದದ್ದು ಟೋಪಿ.

ಆ ಟೋಪಿಯ ದೆಸೆಯಿಂದ ಅವನ ತಲೆ ಕೆಟ್ಟುಹೋಗಿತ್ತು. ಡಿಸೆಂಬರಿನಿಂದೀಚೆಗೆ ಇದು ಮೂರನೆಯದು. ಮೊದಲನೆಯದನ್ನು ಬಸ್ಸಿನಲ್ಲಿ ಬಿಟ್ಟು ಬಂದಳು, ಎರಡನೆಯದು ಕಸದ ಬುಟ್ಟಿಯಲ್ಲಿ ಸಿಕ್ಕಿತು. ನಿನ್ನೆ ಬರಿತಲೆಯಲ್ಲಿ ಆಡಿದವಳ ಎಡಗಿವಿ ಮೇಣದಂತೆ ಬೆಳ್ಳಗಾಗಿ, ಆಮೇಲೆ ಸಂಜೆಯೆಲ್ಲ ಉರಿಯೆಂದು ಅತ್ತಿದ್ದಳು. ಇನ್ನೊಮ್ಮೆ ಹೀಗಾದರೆ ಕಿವಿಯ ತುದಿ ಉಳಿಯಲಿಕ್ಕಿಲ್ಲ ಎಂದು ಶಾಲೆಯ ದಾದಿ ಬರೆದ ಚೀಟಿ ಮೇಜಿನ ಮೇಲಿತ್ತು. ಅದನ್ನು ಓದಿ ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಮಗಳ ಮೇಲೆ, ಈ ಹಾಳು ಚಳಿಯ ಮೇಲೆ, ಕಾಗದಪತ್ರ ಬರಲಿಲ್ಲವೆಂದು ಇನ್ನೂ ಉಗಾಂಡಾದ ಕಂಪಾಲಾದಲ್ಲೇ ಕೂತಿರುವ ಹೆಂಡತಿ ಅಬ್ರೆಹೆತಳ ಮೇಲೂ.

"ಹಾಕ್ಕೋ."

"ಬೇಡ."

"ಹೊರಗೆ ಮೈನಸ್ ಮೂವತ್ತೊಂದು ಕಣೇ! ಕಿವಿ ಉದುರಿ ಕೈಗೆ ಬರುತ್ತೆ!"

"ಬರ್ಲಿ. ಇನ್ನೊಂದಿದೆ."

"ನನ್ನವ್ವಾ, ತಾಯೀ, ಕೈ ಮುಗೀತೀನಿ. ಬಸ್ ಹೋಗುತ್ತೆ."

ಊಹೂಂ. ಅವನ ಸಹನೆ ಮುಗಿಯಿತು. ಅವಳ ತಲೆಯನ್ನು ಕಂಕುಳಲ್ಲಿ ಅದುಮಿ ಹಿಡಿದು ಟೋಪಿ ತುರುಕಿದ. ಅವಳು ಕೊಸರಿಕೊಂಡು ಅದನ್ನು ಕಿತ್ತೆಸೆದಳು. ಉಣ್ಣೆಗೆ ಜಡೆಯೊಂದರ ತುದಿ ಸಿಕ್ಕಿತ್ತೋ ಏನೋ, ದಾರ ಪಟ್ಟೆಂದು ಹರಿದು ಅರ್ಧ ಜಡೆ ಬಿಚ್ಚಿಕೊಂಡಿತು.

ರಿಗ್ಬೆ ಕಿಟಾರನೆ ಕಿರುಚಿದಳು. ಅಷ್ಟೂ ಬಟ್ಟೆಯ ಸಮೇತ ನೆಲದ ಮೇಲೆ ಕುಸಿದು ಕೂತಳು.

"ಕಿವೀನಾ? ಕಿವಿಗೆ ತಾಗ್ತಾ?" ಅವನು ಗಾಬರಿಯಾದ.

"ಜಡೆ! ಅಮ್ಮ ಹೆಣೆದಿದ್ದು! ಬಿಚ್ಚೋಯ್ತು!"

"ಅಷ್ಟೇನಾ? ಜಡೆ ಬಿಚ್ಚಿದ್ರೆ ಏನೇ ಪ್ರಳಯ?"

"ಅಜ್ಜಿ ಸತ್ತಾಗ ಅಮ್ಮ ಜಡೆ ಎಲ್ಲಾ ಬಿಚ್ಕೊಂಡು ಕೂತಿದ್ಲು. ಬಿಚ್ಚಿದ್ರೆ ಯಾರೋ ಸತ್ತೋದ್ರು ಅಂತ. ಈಗ ಅಮ್ಮ..."

ಗಿರ್ಮಾಯ್‌ಗೆ ಆಗ ನೆನಪಾಯಿತು. ಕಂಪಾಲಾದಿಂದ ಹೊರಡುವ ದಿನ ಬೆಳಿಗ್ಗೆ ಅಬ್ರೆಹೆತ್ ಮಗಳನ್ನು ತೊಡೆಯ ನಡುವೆ ಕೂರಿಸಿಕೊಂಡು, ಹಣೆಯಿಂದ ಹಿಂಗತ್ತಿನವರೆಗೆ ಹನ್ನೆರಡು ಜಡೆ ಹೆಣೆದಿದ್ದಳು. ನಾಲ್ಕು ತಿಂಗಳಾಯಿತು. ಕೂದಲೆಲ್ಲ ಕೆದರಿದ್ದರೂ ತೊಳೆಯಲು ಬಿಟ್ಟಿರಲಿಲ್ಲ, ಬಾಚಲು ಬಿಟ್ಟಿರಲಿಲ್ಲ. ಟೋಪಿ ಉಜ್ಜಿ ಜಡೆ ಸಡಿಲವಾಗುತ್ತದೆಂದು ಈ ಪೋರಿ ಕಿವಿಯನ್ನೇ ಒತ್ತೆ ಇಟ್ಟಿದ್ದಾಳೆ. ಇವನೋ ಅದಕ್ಕೆ ಹಟಮಾರಿತನ ಅಂತ ಹೆಸರಿಟ್ಟು ದಿನಾ ಬೈದಿದ್ದಾನೆ. ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಕೆಳಗೆ ಬಸ್ಸು ಬಂತು, ನಿಂತಿತು, ಹೋಯಿತು.

ಕಂಪಾಲಾಕ್ಕೆ ಫೋನು ಹಚ್ಚಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು.

"ಎತ್ತಲಿಲ್ಲ," ಎಂದಳು ರಿಗ್ಬೆ.

"ಅಲ್ಲಿ ಈಗ ಸಂಜೆ. ಹೋಟೆಲಲ್ಲಿ ಪಾತ್ರೆ ತೊಳೀತಿರ್ತಾಳೆ. ಇದನ್ನ ಕೇಳು, ಈಗ ಒಂದು ಗಂಟೆ ಹಿಂದೆ ಬಂದಿದ್ದು." ಅಬ್ರೆಹೆತ್ ಕಳಿಸಿದ್ದ ಧ್ವನಿಸಂದೇಶ ಒತ್ತಿದ.

"ರಿಗ್ಬೇ, ಟೋಪಿ ಹಾಕ್ಕೊಳ್ಳಲ್ವಂತೆ? ಅಲ್ಲಿಗೇ ಬಂದು ಚರ್ಮ ಸುಲೀತೀನಿ ನೋಡು!"

ಹುಡುಗಿಗೆ ತುಸು ಜೀವ ಬಂತು. ಸತ್ತವರು ಹೀಗೆ ಬೈಯುವುದಿಲ್ಲ.

ಗಂಡಸು ಹೆಣ್ಣುಮಕ್ಕಳ ಜಡೆಗೆ ಕೈ ಹಾಕಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜೊತೆಯ ಸೈನಿಕರು ನೋಡಿದ್ದರೆ ತಿಂಗಳುಗಟ್ಟಲೆ ನಗುತ್ತಿದ್ದರು. ಅವನಿಗೆ ಗೊತ್ತಿದ್ದದ್ದು ಕತ್ತೆಯ ಮೇಲೆ ಹೇರು ಬಿಗಿಯುವ ಹಗ್ಗ ಹೊಸೆಯುವುದು ಮಾತ್ರ. ಫ್ರಿಜ್ಜಿನಿಂದ ಚೂರು ಬೆಣ್ಣೆ ತೆಗೆದು ಅಂಗೈಯಲ್ಲಿ ಕರಗಿಸಿ, ಬಿಚ್ಚಿದ ಕೂದಲಿಗೆ ಸವರಿ, ಹಗ್ಗದ ಹಾಗೇ ಹೆಣೆದ. ಎರಡು ಸಲ ತಪ್ಪಿತು. ಶಪಿಸಿಕೊಂಡೇ ಮತ್ತೆ ಹೆಣೆದ.

ರಿಗ್ಬೆ ಮುಟ್ಟಿ ನೋಡಿಕೊಂಡಳು. "ಇದು ಕತ್ತೆ ಹಗ್ಗ."

"ಕತ್ತೆಗೆ ಸರಿಯಾಗಿದೆ ಬಿಡು."

ಪೆಟ್ಟಿಗೆಯ ತಳದಲ್ಲಿ ಅಬ್ರೆಹೆತಳ ನೆತ್ಸೆಲಾ ಇತ್ತು, ಹಬ್ಬಕ್ಕೆ ಹೊದೆಯುವ ತೆಳು ಹತ್ತಿಯ ಬಿಳಿ ಹೊದಿಕೆ. ಅದನ್ನು ಮಡಿಸಿ ಮಗಳ ತಲೆಗೆ ಸುತ್ತಿದ. ಇನ್ನು ಉಣ್ಣೆ ಜಡೆಗೆ ಉಜ್ಜುವ ಮಾತಿಲ್ಲ. ರಿಗ್ಬೆ ತಾನೇ ಟೋಪಿ ಎತ್ತಿಕೊಂಡು ಕಿವಿ ಮುಚ್ಚುವಂತೆ ಎಳೆದುಕೊಂಡಳು. ಆಮೇಲೆ ಅವನು ಹೆಣೆದ ಜಡೆಯೊಂದನ್ನೇ ಹುಡುಕಿ ಹೊರಗೆಳೆದಳು.

"ಅದ್ಯಾಕೆ ಹೊರಗೆ? ಉಜ್ಜಿ ಬಿಚ್ಚೋಗುತ್ತೆ."

"ಹೋಗ್ಲಿ. ನಿಂದು ಬಿಚ್ಚಿದ್ರೆ ಏನೂ ಆಗಲ್ಲ. ನೀನು ಇಲ್ಲೇ ಇದೀಯಲ್ಲ."

ಗಿರ್ಮಾಯ್ ಬಗ್ಗಿ ಅವಳ ಜಿಪ್ಪನ್ನು ಮತ್ತೊಮ್ಮೆ ಗಂಟಲವರೆಗೆ ಎಳೆದು, ಶಾಲೆಗೆ ನಡೆದೇ ಹೋಗಲು ಬಾಗಿಲು ತೆರೆದ.