ಅನುಮಾನ ಬ್ರೇಕಿನ ಮೇಲಿರಲಿ

ನಮ್ಮ ಬೀದಿಗೆ ಬರುತ್ತಿದ್ದ ಮುಂಜಾನೆಯ ಬಸ್ಸು ನಿಂತುಹೋಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಮುಂದಿನ ಬಸ್ಸು ಹಿಡಿದರೆ ಕೆಲಸಕ್ಕೆ ತಡ. ನಡೆದೇ ಹೋದರೆ ಕೆಲಸ ಶುರುವಾಗುವ ಮೊದಲೇ ಕಾಲು ಸೋತಿರುತ್ತೆ. ಇದರ ಬಿಸಿ ಹೆಚ್ಚು ತಟ್ಟಿದ್ದು ಬೀಗ ರಿಪೇರಿಯವನ ಹೆಂಡತಿಗೆ. ಅವಳು ಆಸ್ಪತ್ರೆ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುವವಳು. "ಇನ್ನೊಂದ್ಸಲ ತಡ ಆದ್ರೆ ಬೇರೆಯವರನ್ನ ನೋಡ್ಕೊಳ್ತೀವಿ," ಅಂತ ಸೂಪರ್‌ವೈಸರ್ ಹೇಳಿಯೂ ಆಗಿತ್ತು.

ಅವಳ ಗಂಡನೋ, ಬೀಗ ಹಾಕಿದ ಮೇಲೂ ಮತ್ತೆ ಮತ್ತೆ ಎಳೆದು ನೋಡುವ ಮನುಷ್ಯ. ಹಾಲು ನೀರಾಗಿದ್ದರೆ ಅನುಮಾನ, ಗಟ್ಟಿಯಾಗಿದ್ದರೂ ಅನುಮಾನ. ಇಂಥವನ ಕಣ್ಣಿಗೆ ಒಂದು ಸಂಜೆ ಹೆಂಡತಿಯ ಪ್ಯಾಂಟಿನ ಅಂಚಿನಲ್ಲಿದ್ದ ಕಪ್ಪು ಕಲೆ ಬಿತ್ತು.

"ಏನಿದು?"

"ಮೆಷಿನ್ ಗ್ರೀಸು."

"ಮೆಷಿನ್ ಗ್ರೀಸು ಪಾದದ ಹತ್ತಿರ ಹೇಗೆ ಬಂತು?"

"ಬಂತು ಕಣ್ರೀ. ಊಟಕ್ಕೆ ಬನ್ನಿ."

ಮರುದಿನ ನೋಡಿದರೆ ಅವಳ ಅಂಗೈ ತರಚಿತ್ತು. ಆಮೇಲೆ ಮೊಣಕೈ. ಮನೆಗೆ ಬರುವುದೂ ತಡವಾಗತೊಡಗಿತು. ಆದರೆ ಮುಖದಲ್ಲಿ ದಣಿವಿಲ್ಲ, ಒಳಗೊಳಗೇ ಏನೋ ಖುಷಿ. ಆ ಖುಷಿಯೇ ಅವನನ್ನು ಹೆಚ್ಚು ಚುಚ್ಚಿತು. ಒಂದು ಸಂಜೆ ಅಂಗಡಿ ಬೇಗ ಮುಚ್ಚಿ, ಆಸ್ಪತ್ರೆ ಗೇಟಿನ ಎದುರು ಹಣ್ಣಿನ ಗಾಡಿಯ ಮರೆಯಲ್ಲಿ ನಿಂತ.

ಹೆಂಡತಿ ಹೊರಗೆ ಬಂದಳು. ಮನೆ ಕಡೆ ತಿರುಗದೆ ಹಳೇ ಗೋದಾಮಿನ ಹಿಂದಿನ ಬಯಲಿಗೆ ನಡೆದಳು. ಇವನು ಗೋಡೆ ಸವರಿಕೊಂಡು ಹಿಂದೆಯೇ ಹೋದ. ಅಲ್ಲಿ ಶರಟು ಪ್ಯಾಂಟು ತೊಟ್ಟು, ಹೆಲ್ಮೆಟ್ ಹಾಕಿದ ಒಂದು ಆಳು ಇವಳಿಗಾಗಿ ಕಾಯುತ್ತಿತ್ತು. ಇವನು ಗೋಡೆಗೆ ಇನ್ನಷ್ಟು ಅಂಟಿಕೊಂಡ.

ಆ ಆಳು ಒಂದು ಹಳೇ ಸೈಕಲ್ ತಂದು ಕೊಟ್ಟು ದೂರ ಸರಿದು ನಿಂತಿತು. ಹೆಂಡತಿ ಹತ್ತಿದಳು. ಮುಂದಿನ ಚಕ್ರವನ್ನೇ ನೋಡುತ್ತಾ ಸ್ವಲ್ಪ ದೂರ ಹೋದಳು, ವಾಲಿದಳು, ಧೊಪ್ಪನೆ ಬಿದ್ದಳು.

ಬಚ್ಚಿಟ್ಟುಕೊಂಡಿದ್ದೇನೆ ಅನ್ನೋದನ್ನೂ ಮರೆತು ಇವನು ಓಡಿಬಂದ. "ಯಾರಯ್ಯಾ ನೀನು?"

ಆಳು ಹೆಲ್ಮೆಟ್ ತೆಗೆಯಿತು. ಆಸ್ಪತ್ರೆಯ ನರ್ಸಮ್ಮ.

"ನಾನೇ ಅಣ್ಣ. ಹೋದ ವರ್ಷ ನಾನು ಇಂಜೆಕ್ಷನ್ ಕೊಡುವಾಗ ಗಟ್ಟಿಯಾಗಿ ಕಣ್ಣು ಮುಚ್ಚಿದ್ರಿ. ಅದಕ್ಕೇ ಗುರುತು ಸಿಗಲಿಲ್ಲ."

ಹೆಂಡತಿ ಮಣ್ಣು ಕೊಡವಿಕೊಂಡು ಎದ್ದಳು. "ನನ್ನ ಹಿಂದೆ ಬಂದ್ರಾ?"

"ನೀನ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಈ ವಯಸ್ಸಲ್ಲಿ ಬೇಡ ಅಂತಿದ್ರಿ. ಅಂತಿರಲಿಲ್ವಾ?"

"ಅಂತಿದ್ದೆ," ಅಂದ ಅವನು, ನೆಲ ನೋಡುತ್ತಾ. ಆದರೆ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಈಗ ನರ್ಸಮ್ಮನ ಕಡೆ ತಿರುಗಿತು. "ಇದರಲ್ಲಿ ನಿಮಗೇನು ಸಿಗುತ್ತೆ ಸಿಸ್ಟರ್? ಸೈಕಲ್ ಅಂಗಡಿಯವರು ಕಮಿಷನ್ ಕೊಡ್ತಾರಾ?"

"ಬೆಳಿಗ್ಗೆ ನನ್ನ ವಾರ್ಡಿಗೆ ಒಗೆದ ಬೆಡ್‌ಶೀಟ್ ಸಿಗುತ್ತೆ ಅಣ್ಣ. ಇದು ನನ್ನದೇ ಹಳೇ ಸೈಕಲ್ಲು, ಮೂಲೆಯಲ್ಲಿ ಬಿದ್ದಿತ್ತು."

"ಹಿಂದಿನಿಂದ ಹಿಡ್ಕೋಬೇಕಲ್ವಾ? ಬಿಟ್ಟು ನಿಂತಿದ್ರಿ."

"ಹಿಡ್ಕೊಂಡ್ರೆ ಭಾರವೆಲ್ಲ ನನ್ನ ಕೈಗೆ ಬರುತ್ತೆ, ಬ್ಯಾಲೆನ್ಸು ಅವಳಿಗೆ ಬರಲ್ಲ. ಅದಕ್ಕೇ ಮೊದಲು ಸೀಟು ತಗ್ಗಿಸಿದ್ವಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಪೆಡಲು ಮುಟ್ಟದೆ, ಕಾಲಲ್ಲೇ ತಳ್ಳಿಕೊಂಡು ಬಯಲೆಲ್ಲ ಸುತ್ತಿದಳು. ಆಮೇಲೆ ಬ್ರೇಕ್ ಹಿಡಿದು ನಿಲ್ಲಿಸೋದು. ಪೆಡಲು ತುಳಿಯೋದು ಅದಾದ ಮೇಲೆ. ಕಣ್ಣು ದೂರಕ್ಕಿರಬೇಕು. ಇವತ್ತು ಚಕ್ರ ನೋಡಿದಳು, ಬಿದ್ದಳು."

ಅವನು ಕುಕ್ಕರುಗಾಲಲ್ಲಿ ಕೂತು ಸೈಕಲ್ ನೋಡತೊಡಗಿದ. ಟೈರು ಒತ್ತಿದ. ಚೈನು ಎಳೆದ. ಹಿಂದಿನ ಚಕ್ರ ತಿರುಗಿಸಿ ಬ್ರೇಕ್ ಹಿಡಿದ. ಚಕ್ರ ನಿಲ್ಲಲಿಲ್ಲ.

"ಹಿಂದಿನ ಬ್ರೇಕಿನ ರಬ್ಬರು ಪೂರ್ತಿ ಸವೆದಿದೆ. ಇದನ್ನ ಹತ್ತಿಸಿದ್ರಾ ಅವಳ ಕೈಲಿ?"

ನರ್ಸಮ್ಮ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ನಾನು ನೋಡಿರಲಿಲ್ಲ. ತಪ್ಪಾಯ್ತು. ನಿಮ್ಮ ಅನುಮಾನ ಈ ಬ್ರೇಕಿಗೆ ಬೇಕಿತ್ತು ಅಣ್ಣ. ಹೆಂಡತಿ ಮೇಲೆ ಸುಮ್ನೆ ದಂಡ ಮಾಡಿದ್ರಿ."

ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ಲನ್ನು ಅವನೇ ತಳ್ಳಿಕೊಂಡು ಬಂದ. ಹೆಂಡತಿ ಹೇಳಿದಳು: "ನೀವು ಕದ್ದು ಹಿಂದೆ ಬಂದಿದ್ದು ನನಗೆ ನೋವಾಯ್ತು."

"ನನಗೂ ನಾಚಿಕೆ ಆಯ್ತು," ಅಂದ ಅವನು. "ಮುಂದೆ ಹೀಗೆ ಮಾಡಲ್ಲ."

ಬ್ರೇಕಿಗೆ ಹೊಸ ರಬ್ಬರು ಬಂತು. ರಜೆಯ ದಿನ ಗಂಡ ಹೆಂಡತಿ ಆಸ್ಪತ್ರೆವರೆಗೂ ನಡೆದು ದಾರಿ ನೋಡಿದರು. ಅವನಿಗೆ ಪ್ರತಿ ತಿರುವಿನಲ್ಲೂ ಲಾರಿ ಕಾಣಿಸಿತು. ನಿಂತ ಕಾರು ಕಂಡರೂ ಅನುಮಾನ. "ಒಳಗಿರೋನು ಪಟ್ಟಂತ ಬಾಗಿಲು ತೆಗೆದ್ರೆ?" ಅಂದ. ನರ್ಸಮ್ಮನೂ ಅದನ್ನೇ ಹೇಳಿದ್ದರು: ನಿಂತ ಗಾಡಿಯಿಂದ ಒಂದು ಬಾಗಿಲಿನಷ್ಟು ದೂರ ಇರಬೇಕು. ತಿರುಗುವ ಮುಂಚೆ ಹಿಂದೆ ನೋಡಿ ಕೈ ತೋರಿಸಬೇಕು. ಇಬ್ಬರೂ ಸೇರಿ ದೊಡ್ಡ ರಸ್ತೆ ಬಿಟ್ಟು ಶಾಲೆಯ ಹಿಂದಿನ ಗಲ್ಲಿ ಆರಿಸಿದರು. ಸ್ವಲ್ಪ ಸುತ್ತು, ಆದರೆ ಗಾಡಿಗಳ ಕಾಟವಿಲ್ಲ.

ಬಯಲಿನಲ್ಲಿ ಕೈ ಕಾಲು ಪಳಗಿದ ಮೇಲೆ ಒಂದು ಮುಂಜಾನೆ ಅವಳು ಹೆಲ್ಮೆಟ್ ಹಾಕಿ, ಪ್ಯಾಂಟಿನ ಅಂಚು ಮಡಚಿ ಹೊರಟಳು. ಅವನು ಅಂಗಡಿ ತೆರೆದ, ಆದರೆ ಕೈಗೆ ಕೆಲಸ ಹತ್ತಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ತಲುಪಿದೆ ಕಣ್ರೀ."

"ಇಷ್ಟು ಬೇಗಾನಾ? ಎಲ್ಲೋ ಬಿದ್ದು ನನಗೆ ಹೇಳ್ತಿಲ್ಲ ನೀನು."

ಅವಳು ಫೋನನ್ನು ಒಗೆಯುವ ಮೆಷಿನ್ನಿನ ಹತ್ತಿರ ಹಿಡಿದಳು. ಗುಡುಗುಡು ಸದ್ದು. ಅವನು ಕಿವಿಗೊಟ್ಟು ಕೇಳಿದ.

"ಸೂಪರ್‌ವೈಸರ್ ಏನಂದ್ರು?"

"ಅವರಿನ್ನೂ ಬಂದಿಲ್ಲ."

ಆ ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಾ ಕೇಳಿದ: "ಆ ಸೀಟು ಇನ್ನೂ ಸ್ವಲ್ಪ ತಗ್ಗುತ್ತಾ?"

"ಯಾರಿಗೆ?"

"ಸುಮ್ನೆ ಕೇಳಿದೆ."

ಈಗ ಅವನೂ ಬಯಲಿನಲ್ಲಿ ಕಾಲು ತಳ್ಳುತ್ತಿದ್ದಾನೆ. ಪೆಡಲಿನ ಮೇಲೆ ಇನ್ನೂ ನಂಬಿಕೆ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಅನುಮಾನ ಇರಬಹುದು. ಇರಲಿ. ಹೊರಡುವ ಮುಂಚೆ ಟೈರು ಒತ್ತಿ ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ, ಚೈನು ನೋಡಿ. ಕತ್ತಲಾಗುವಂತಿದ್ದರೆ ದೀಪ ಉರಿಯುತ್ತಾ ನೋಡಿ. ಎಲ್ಲ ಸರಿ ಇದ್ದರೆ ಸೀಟು ತಗ್ಗಿಸಿ, ಖಾಲಿ ಜಾಗ ಹುಡುಕಿ, ಕಾಲು ನೆಲಕ್ಕೂರಿ ಕೂತುಕೊಳ್ಳಿ. ವಯಸ್ಸು ಎಷ್ಟಾಯಿತು ಅಂತ ಸೈಕಲ್ ಕೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಕಲಿಯಲು ಹೊರಟಿದ್ದರೆ, ಅವರ ಹಿಂದೆ ಕದ್ದು ಹೋಗಬೇಡಿ. ಜೊತೆಗೆ ಹೋಗಿ.